ಆಯುಧಪೂಜೆಯ ಮರುದಿನ ಬಿಸಿಯಾದ ವಾರ್ಡು

ಕೋವಿಡ್ ಕಳೆದು ಎರಡನೇ ವರ್ಷ. ನಾನಾಗ ಇದ್ದ ಹುದ್ದೆಗೆ ಹೆಸರಿರಲಿಲ್ಲ. ಭದ್ರಾವತಿ ಕಾಗದನಗರದ ಮನೆಯಲ್ಲಿ ಪೂಜೆ, ಅಡುಗೆ ಮುಗಿಸಿ, ಯಜಮಾನರ ಜೊತೆ ಶಿವಮೊಗ್ಗದ ಬಸ್ಸು ಹತ್ತಿ, ಅವರ ಮೀಟರಿನ ಅಂಕಿ ಓದಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಅಲ್ಲಿನ ಕಾಗದ ಕಾರ್ಖಾನೆಯ ಎ.ಸಿ. ಪ್ಲಾಂಟಿನಲ್ಲಿ ಇಪ್ಪತ್ತಾರು ವರ್ಷ ದುಡಿದವರು ಅವರು. ಅದು ಬಾಗಿಲು ಹಾಕಿದ ಮೇಲೆ ದೊಡ್ಡ ಕಟ್ಟಡಗಳಿಗೆ ಬ್ಯಾಲೆನ್ಸಿಂಗ್ ಮಾಡಿಕೊಡುತ್ತಿದ್ದರು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಮನುಷ್ಯರು ಕಾಣುತ್ತಿದ್ದರು, ಅಂಕಿ ಕಾಣುತ್ತಿರಲಿಲ್ಲ. ಅಷ್ಟನ್ನಾದರೂ ದೇವರು ಉಳಿಸಿದನಲ್ಲ ಎಂದುಕೊಳ್ಳುತ್ತಿದ್ದೆ.

ಬ್ಯಾಲೆನ್ಸಿಂಗ್ ಎಂದರೆ ಪಂಕ್ತಿಯಲ್ಲಿ ಪಾಯಸ ಬಡಿಸಿದ ಹಾಗೆ. ಮೊದಲ ಎಲೆಗೆ ಸೌಟು ಬಗ್ಗಿಸಿಬಿಟ್ಟರೆ ಕೊನೆಯ ಎಲೆಗೆ ಪಾತ್ರೆಯ ತಳವೇ ಗತಿ. ದೊಡ್ಡ ಕಟ್ಟಡದಲ್ಲಿ ಚಿಲ್ಲರ್ ಎಂಬ ಯಂತ್ರ ನೀರನ್ನು ತಣ್ಣಗೆ ಮಾಡಿ ಪೈಪಿನಲ್ಲಿ ಮಹಡಿ ಮಹಡಿಗೆ ಕಳಿಸುತ್ತದೆ. ಹತ್ತಿರದ ಮಹಡಿ ಹೆಚ್ಚು ಎಳೆದುಕೊಳ್ಳುತ್ತದೆ. ಅದಕ್ಕೇ ಹತ್ತಿರದ ವಾಲ್ವಿನ ಹಿಡಿಯನ್ನು ಓರೆ ಮಾಡಿ ಬಿಗಿಹಿಡಿಯಬೇಕು, ದೂರದ್ದನ್ನು ಪೂರ್ತಿ ಬಿಡಬೇಕು. ಹಿಡಿ ಕೂರಲು ಒಂದರಿಂದ ಹತ್ತು ಹಲ್ಲುಗಳಿರುತ್ತವೆ; ಹತ್ತೆಂದರೆ ಹಿಡಿ ಪೈಪಿನ ನೇರಕ್ಕೆ, ಪೂರ್ತಿ ತೆರೆದದ್ದು. ಯಾವ ಹಲ್ಲಿನಲ್ಲಿ ಎಷ್ಟು ನೀರು ಎಂದು ಮೀಟರಿನಲ್ಲಿ ಅಳೆದು, ಅಲ್ಲಿ ಕೆಂಪು ಬಣ್ಣದ ಗುರುತು ಹಾಕುತ್ತಿದ್ದೆವು.

ಆ ವರ್ಷ ಒಬ್ಬ ಕಂಟ್ರಾಕ್ಟರು ದುರ್ಗಿಗುಡಿಯ ಹತ್ತಿರದ ನಾಲ್ಕು ಮಹಡಿಯ ಆಸ್ಪತ್ರೆಯೊಂದನ್ನು ನಮಗೆ ಒಪ್ಪಿಸಿದ್ದರು. ಆರು ದಿನ ಹಿಡಿಯಿತು. ಕೆಳಗಿನ ಮಹಡಿ ಮೂರನೇ ಹಲ್ಲು, ಮೊದಲನೆಯದು ಐದು, ಎರಡನೆಯದು ಏಳು, ಆಪರೇಷನ್ ಆದವರು ಮಲಗುವ ಮೇಲಿನ ವಾರ್ಡು ಹತ್ತು. ಇನ್ನೊಂದು ಕಟ್ಟಡವನ್ನೂ ಇವರಿಗೇ ಕೊಡುವ ಮಾತು ನಡೆದಿತ್ತು.

ಆಸ್ಪತ್ರೆಯವರು ಆಯುಧಪೂಜೆಗೆ ನಮ್ಮನ್ನೂ ಕರೆದರು. ಚಿಲ್ಲರ್, ವಾಲ್ವುಗಳಿರುವ ಪ್ಲಾಂಟ್ ರೂಮಿನಲ್ಲಿ ಸೆಲ್ವಿ ನೆಲ ಒರೆಸುತ್ತಿದ್ದಳು. ಭದ್ರಾವತಿಯಿಂದ ನಮ್ಮ ಬಸ್ಸಿನಲ್ಲೇ ಬರುವ ಆಯಾ, ಗುತ್ತಿಗೆ ಕೆಲಸದವಳು. ಪೈಪಿನ ಮೇಲೆ ಬೆರಳೆಳೆದು ಧೂಳು ತೋರಿಸಿದೆ. ಕೊಳೆಯ ಮೇಲೆ ಕುಂಕುಮ ಇಡಬಾರದು, ಯಂತ್ರವೂ ಇವತ್ತು ದೇವರೇ, ಒಂದೂ ಬಿಡದೆ ಉಜ್ಜು ಎಂದು ನಾನೇ ಹೇಳಿದೆ. “ನಿಮ್ ದೇವ್ರಿಗೆ ನನ್ ಸೊಂಟಾನೇ ನೈವೇದ್ಯ ಅಕ್ಕಾ” ಎಂದು ಅವಳು ನಕ್ಕಳು. ನಾವು ಪ್ರಸಾದ ತಗೊಂಡು ಬಂದುಬಿಟ್ಟೆವು.

ಮರುದಿನ ಮಧ್ಯಾಹ್ನ ಫೋನು. ಕೆಳಗೆ ಓಪಿಡಿಯಲ್ಲಿ ಡಾಕ್ಟರು ಸ್ವೆಟರ್ ಹಾಕಿ ಕೂತಿದ್ದಾರೆ, ಮೇಲೆ ಹೊಲಿಗೆ ಹಾಕಿಸಿಕೊಂಡವರು ಬ್ಯಾಂಡೇಜಿನೊಳಗೆ ಬೆವರುತ್ತಿದ್ದಾರೆ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದ್ದೇ ಆ ದಿನದ ಪುಣ್ಯ.

ಯಜಮಾನರು ಪ್ಲಾಂಟ್ ರೂಮಿಗೆ ಹೋದವರೇ ಹಿಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ನಾಲ್ಕೂ ಪೈಪಿನ ನೇರಕ್ಕೆ, ಅಚ್ಚುಕಟ್ಟಾಗಿ ಒಂದೇ ಸಾಲು. ಅಂದರೆ ನಾಲ್ಕೂ ಪೂರ್ತಿ ತೆರೆದಿವೆ. ಗುರುತಿನ ಬಣ್ಣ ಉಜ್ಜಿದ ಸೀಮೆಎಣ್ಣೆಗೆ ಎದ್ದುಹೋಗಿತ್ತು. ಅದರ ಜಾಗದಲ್ಲಿ ಅರಿಶಿನ, ಕುಂಕುಮ, ಸೇವಂತಿಗೆ. ಬಾಗಿಲಲ್ಲಿ ನಿಂತಿದ್ದ ಸೆಲ್ವಿಯ ಮುಖ ನೋಡಿದೆ. ಓರೆ ಇದ್ದದ್ದನ್ನು ಅವಳು ಚೆಂದಕ್ಕೆ ನೇರ ಮಾಡಿದ್ದಳು. ಅವಳಿಗೂ ಆಗಲೇ ಗೊತ್ತಾಗಿತ್ತು.

ಆಸ್ಪತ್ರೆಯ ಮ್ಯಾನೇಜರು ಬಂದು ಯಾರು ಮುಟ್ಟಿದ್ದು ಎಂದು ಕೇಳಿದರು. ನನ್ನ ನಾಲಿಗೆ ಏಳುವ ಮೊದಲೇ ಯಜಮಾನರು ಅಂದರು: “ಯಾರೂ ಇಲ್ಲ ಸಾರ್. ನಾನೇ ಹಿಡಿ ಲಾಕ್ ಮಾಡೋದು ಮರೆತಿದ್ದೆ. ಕಣ್ಣು ಮೊದಲಿನ ಹಾಗಿಲ್ಲ.”

“ಕಣ್ಣು ಕಾಣದವರನ್ನ ಕಳಿಸಿದಾನಾ ಕಂಟ್ರಾಕ್ಟರು?”

ಇವರು ನನ್ನ ಕಡೆ ತಿರುಗಿ “ಓದು” ಎಂದರು. ಪುಸ್ತಕ ತೆಗೆದೆ. ಮೂರು, ಐದು, ಏಳು, ಹತ್ತು. ಹಿಡಿ ಕೂರಿಸಿ, ಮೀಟರು ಹಚ್ಚಿ, ಅಂಕಿ ತಾಳೆ ನೋಡಿದೆವು. ಸಂಜೆಯ ಹೊತ್ತಿಗೆ ಮೇಲಿನ ವಾರ್ಡು ತಣ್ಣಗಾಯಿತು. ಅದೊಂದು ದೇವರ ದಯೆ.

ವಾಪಸು ಬಸ್ಸಿನಲ್ಲಿ ನಾನು ಜಗಳ ತೆಗೆದೆ. ಉಜ್ಜು ಅಂದವಳು ನಾನು, ನನ್ನ ಹೆಸರಾದರೂ ಹೇಳಬಹುದಿತ್ತಲ್ಲ ಎಂದೆ.

“ನಿನ್ ಹೆಸರು ಹೇಳಿದ್ರೆ ಉಜ್ಜಿದ್ದು ಯಾರು ಅಂತ ಕೇಳ್ತಿದ್ರು ಮಾರಾಯ್ತಿ. ನಂದು ಇನ್ನೊಂದು ವರ್ಷದ ಕಣ್ಣು. ಅವಳಿಗೆ ಇನ್ನೂ ಇಪ್ಪತ್ತು ವರ್ಷದ ಕೆಲಸ ಇದೆ.”

ಅವರ ಲೆಕ್ಕ ಸರಿಯೋ ತಪ್ಪೋ ನನಗೆ ಈಗಲೂ ತಿಳಿಯದು. ಮ್ಯಾನೇಜರು ಹೇಳಿದ್ದು ಊರೆಲ್ಲ ಹಬ್ಬಿತು. ಇನ್ನೊಂದು ಕಟ್ಟಡ ಬರಲಿಲ್ಲ. ಆ ಕಂಟ್ರಾಕ್ಟರೂ ಕರೆಯಲಿಲ್ಲ, ಬೇರೆಯವರೂ ಕರೆಯಲಿಲ್ಲ. ಇವರು ಕರೆ ಬರುತ್ತದೆಂದು ಆರು ತಿಂಗಳು ಬೆಳಗ್ಗೆ ಅಂಗಿ ಇಸ್ತ್ರಿ ಮಾಡಿಸಿಕೊಂಡು ಕಾದರು, ಆಮೇಲೆ ಬಿಟ್ಟರು. ಅಷ್ಟರಲ್ಲಿ ಮನುಷ್ಯರೂ ಕಾಣದಾಗಿದ್ದರು. ಅನ್ನ ಸೇರುತ್ತದೆ, ನಿದ್ದೆ ಬರುತ್ತದೆ. ಇಲ್ಲದ್ದನ್ನು ಎಣಿಸಲು ಹೋಗುವುದಿಲ್ಲ.

ಆ ಕೆಲಸ ನನಗೆ ಕಲಿಸಿದ್ದು ಒಂದೇ. ಹಿಡಿ ಎಷ್ಟು ಓರೆ ಇರಬೇಕೆಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಸಾಲದು, ಅದನ್ನು ಒರೆಸುವವಳಿಗೂ ಹೇಳಬೇಕು. ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು. ನಾನು ಧೂಳು ತೋರಿಸಿ ಬಂದೆ.