ಸೋದರಮಾವ ಕಳಿಸಿದ ಕೆರೆ

ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಯಾವುದೋ ದೂರದ ದ್ವೀಪದಿಂದ ಅಮ್ಮನಿಗೆ ಒಂದು ಚಿತ್ರದ ಕಾರ್ಡು ಕಳಿಸಿದ್ದರು. ಅದರಲ್ಲೊಂದು ಗುಹೆ, ಯಾರೂ ಕೊರೆದದ್ದಲ್ಲ, ತಾನಾಗಿ ಆದದ್ದು. ಮೇಲಿನಿಂದ ಕಲ್ಲು ಕರಗಿದ ಮೇಣದ ಹಾಗೆ ಇಳಿದಿತ್ತು. ಕೆಳಗೆ, ನೆಲದ ಹೊಟ್ಟೆಯೊಳಗೇ, ಒಂದು ಕೆರೆ. ಕೆರೆಯಲ್ಲೊಂದು ದೋಣಿ. ಕಾರ್ಡಿನ ಹಿಂದೆ ಎರಡೇ ಸಾಲು: ‘ಇಲ್ಲಿಗೆ ಹೋಗಿದ್ದೆ. ನಿನ್ನ ನೆನಪಾಯಿತು.’ ಅಣ್ಣನ ಮುಖ ನೋಡದೆ ಮೂರು ವರ್ಷವಾಗಿದ್ದ ಅಮ್ಮ ಅದನ್ನು ಅಕ್ಕಿಡಬ್ಬಕ್ಕೆ ಒರಗಿಸಿಟ್ಟು ದಿನಾ ನೋಡುತ್ತಿದ್ದಳು.

“ನೆಲದಡಿಯಲ್ಲಿ ಅಷ್ಟು ನೀರುಂಟು! ನಮ್ಮ ಡೊಂಬಿವಲಿಯ ನಳದಲ್ಲಿ ಮಾತ್ರ ಇಲ್ಲ!” ಎನ್ನುತ್ತಿದ್ದಳು.

ನಮ್ಮ ಚಾಳಿನಲ್ಲಿ ದೀಪಾವಳಿಗೆ ಮಕ್ಕಳೆಲ್ಲ ಅಂಗಳದಲ್ಲಿ ಮಣ್ಣಿನ ಕಿಲ್ಲಾ, ಅಂದರೆ ಕೋಟೆ, ಕಟ್ಟುತ್ತಿದ್ದರು. ಹತ್ತು ವರ್ಷದ ನನ್ನದು ಆಗಲೂ ಕತ್ತೆಹಟ. ಕೋಟೆ ಬೇಡ, ಮಾವನ ಗುಹೆಯನ್ನೇ ಕಟ್ಟುತ್ತೇನೆ ಎಂದೆ. ಕಲ್ಲು ಪೇರಿಸಿ, ಗೋಣಿ ಹೊದಿಸಿ, ಮಣ್ಣು ಮೆತ್ತಿದೆ. ಪಕ್ಕದ ಮನೆಯ ಮರಾಠಿ ಹುಡುಗಿ ಬಗ್ಗಿ ನೋಡಿ, “ಹೇ ಕಾಯ್, ಉಂದರಾಚಂ ಬೀಳ್?” ಎಂದು ಕೇಳಿದಳು. ಇಲಿಯ ಬಿಲವಂತೆ! ಮೈಯೆಲ್ಲ ಉರಿಯಿತು. ಕೆರೆಯೊಂದು ಆಗಲಿ, ಆಮೇಲೆ ತೋರಿಸುತ್ತೇನೆ ಅಂದುಕೊಂಡೆ.

ಆದರೆ ಕೆರೆ ನಿಲ್ಲಲೇ ಇಲ್ಲ. ಸುರಿದದ್ದನ್ನೆಲ್ಲ ಮಣ್ಣು ಕುಡಿದುಬಿಡುತ್ತಿತ್ತು. ನಾನು ನೀರು ತಂದದ್ದೋ, ಬಚ್ಚಲ ಹಂಡೆಯಿಂದ. ಅಂದು ನೀರು ತುಂಬುವ ಹಬ್ಬ. ಮರುದಿನ ನಸುಕಿನ ಎಣ್ಣೆಸ್ನಾನಕ್ಕೆಂದು ಅಮ್ಮ ಊರಿನ ಕ್ರಮ ಬಿಡದೆ ಹಂಡೆ ಬೆಳಗಿ, ಮಧ್ಯಾಹ್ನ ಒಂದೇ ತಾಸು ಬರುವ ನಳದಿಂದ ಅದನ್ನು ತುಂಬಿಸಿ, ಅದರ ಕುತ್ತಿಗೆಗೆ ಕಟ್ಟಲು ಹೂ ತರಲು ಬಜಾರಿಗೆ ಹೋಗಿದ್ದಳು. ಮೂರನೇ ಬಕೆಟ್ ಇಂಗಿದ ಮೇಲೆ ನನಗೆ ಬುದ್ಧಿ ಬಂತು. ಅಮ್ಮ ಹಿಟ್ಟು ನಾದುವ ದೊಡ್ಡ ಪರಾತವನ್ನು ಗುಹೆಯೊಳಗೆ ಹೂತು, ತುಂಬ ನೀರು ಹೊಯ್ದು, ಪಕ್ಕದಲ್ಲೊಂದು ಹಣತೆ ಹಚ್ಚಿದೆ.

ಹೂ ತಂದ ಅಮ್ಮ ಹಂಡೆಗೆ ಇಣುಕಿದವಳೇ ದಡದಡ ಮೆಟ್ಟಿಲಿಳಿದು ಬಂದಳು.

“ಎಂಥದಿದು ಮಾರಾಯ್ತಿ? ಹಬ್ಬದ ನೀರನ್ನು ಮಣ್ಣಿಗೆ ಸುರಿದೆಯಾ? ನಾಳೆ ಮೀಯಲಿಕ್ಕೆ ಎಂಥ ಮಾಡುವುದು, ನಿನ್ನ ತಲೆಯಾ?”

ಹೊಡೆಯಲು ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಗುಹೆಯೊಳಗೆ ಹಣತೆಯ ಬೆಳಕು ನೀರಿನ ಮೇಲೆ ಆಡುತ್ತಿತ್ತು. ಅಮ್ಮ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. “ದೋಣಿ ಎಲ್ಲಿ?” ಎಂದು ಕೇಳಿ, ಹೂ ಕಟ್ಟಿದ್ದ ಕಾಗದದಲ್ಲಿ ತಾನೇ ಒಂದು ಮಡಚಿ ತೇಲಿಬಿಟ್ಟಳು.

ನಸುಕಿನಲ್ಲಿ ಅಪ್ಪನ ಸ್ನಾನ, ನನ್ನ ಸ್ನಾನ ಮುಗಿಯುವಷ್ಟರಲ್ಲಿ ಹಂಡೆ ಖಾಲಿ. ಅಮ್ಮ ತಲೆತುಂಬ ಎಣ್ಣೆ ಹಚ್ಚಿಕೊಂಡು ನಿಂತಿದ್ದಾಳೆ. ಸೂರ್ಯ ಹುಟ್ಟುವ ಮೊದಲು ಮೀಯದಿದ್ದರೆ ಅವಳಿಗೆ ಹಬ್ಬವೇ ಇಲ್ಲ. ನೆರೆಯವರನ್ನು ಕೇಳೋಣವೆಂದರೆ ಅವರಿಗೂ ಅದೇ ಹಬ್ಬ, ಅಷ್ಟೇ ನೀರು. ನನಗೆ ಅಳು ಉಕ್ಕಿ ಬಂತು.

“ಅತ್ತದ್ದು ಸಾಕು. ಹೋಗಿ ನಿನ್ನ ಕೆರೆ ತಾ,” ಎಂದಳು.

ಅಪ್ಪನೂ ನಾನೂ ಪರಾತವನ್ನು ತುಳುಕಿಸದೆ ಹೊತ್ತು ತಂದೆವು. ಬಟ್ಟೆಯಲ್ಲಿ ಎರಡು ಸಲ ಸೋಸಿ, ಕಾಯಿಸಿ ಕೊಟ್ಟೆವು. ಆರು ಚೊಂಬು ಆಯಿತು. ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಹೊರಬಂದವಳು ಕಾರ್ಡನ್ನು ಕೈಗೆತ್ತಿಕೊಂಡಳು. ಹೊರಗೆ ಇನ್ನೂ ಬೆಳಕು ಹರಿದಿರಲಿಲ್ಲ.

“ಮಾವನಿಗೆ ಕಾಗದ ಬರಿ,” ಎಂದಳು. “ನೀವು ಕಳಿಸಿದ ಕೆರೆಯಲ್ಲಿ ಅಮ್ಮ ಮಿಂದಳು ಅಂತ ಬರಿ.”