ಪ್ರೇಮಾಳ ಎಡಗೈಯ ಐದು ಬೆರಳು

ಮರವಂತೆಗೆ ಬಂದ ಮೊದಲ ಬೆಳಿಗ್ಗೆ ಮನೆಯೊಡತಿ ಗುಲಾಬಕ್ಕ ಒಂದು ದೊಡ್ಡ ಬಟ್ಟಲು ಗಂಜಿ ತಂದು ನನ್ನ ಮುಂದಿಟ್ಟರು. ನನಗೆ ಜ್ವರ ಎಂದು ಇವರಿಗೆ ಯಾರು ಹೇಳಿದರಪ್ಪಾ ಎಂದು ಗಾಬರಿಯಾಯಿತು. ನಮ್ಮ ಇಂಡಿ ತಾಲೂಕಿನಲ್ಲಿ ಗಂಜಿ ಕುಡಿಯುವವರು ಹಾಸಿಗೆ ಹಿಡಿದವರು.

"ನನಗ ಆರಾಮ ಐತ್ರಿ ಅಕ್ಕಾರ," ಎಂದೆ.

"ಆರಾಮ್ ಇದ್ರೇ ಅಲ್ದಾ ಉಂಬುದ್? ಕೂತ್ಕಣಿ," ಎಂದರು.

ಉಂಡೆ. ಕೆಂಪು ಕುಚ್ಚಲಕ್ಕಿಯ ದಪ್ಪ ಅಗುಳು ಗಂಟಲಲ್ಲಿ ಇಳಿಯಲು ಹಟ ಮಾಡಿತು. ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಅಕ್ಕಿ ಮಾಡುವ ಈ ಪದ್ಧತಿ ನಮಗೆ ಗೊತ್ತಿಲ್ಲ. ಬರುವಾಗ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಕಟ್ಟು ಇತ್ತಲ್ಲ ಎಂದು ಧೈರ್ಯ ತಂದುಕೊಂಡೆ. ಇಲ್ಲಿನ ಸಮುದ್ರದ ಗಾಳಿಗೆ ಅದು ಎರಡೇ ದಿನಕ್ಕೆ ಮೆತ್ತಗಾಗಿ ಚಾದರದಂತೆ ಮಡಚಿಕೊಂಡಿತು. ಊರಲ್ಲಿ ತಿಂಗಳುಗಟ್ಟಲೆ ಇಟ್ಟರೂ ಗರಿಗರಿಯಾಗಿ ಮುರಿಯುವ ರೊಟ್ಟಿ ಅದು. ಆ ರಾತ್ರಿ ನಾನು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಬಾಡಿಗೆ ಮನೆ ಕೇಳಲು ಹೋದರೆ ನಮ್ಮ ಕಡೆ "ನೀವು ಯಾರ ಪೈಕಿ" ಎಂಬುದು ಮೊದಲ ಪ್ರಶ್ನೆ, "ಏನು ತಿಂತೀರಿ" ಎಂಬುದು ಎರಡನೆಯದು. ಗುಲಾಬಕ್ಕ ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರುವವರು. ಅವರು ಕೇಳಿದ್ದು ತಿರುವುಮುರುವು: "ನಮ್ಮ್ ಮನಿಯಗೆ ಮೀನ್ ವಾಸ್ನಿ ಬತ್ತ್. ನಿಮ್ಗೆ ಆತ್ತಾ ಕಾಣಿ. ಆತಿಲ್ಲ ಅಂದ್ರೆ ಈಗ್ಲೇ ಹೇಳಿ, ಬೇಜಾರಿಲ್ಲ." ಇಷ್ಟು ಮರ್ಯಾದೆಯಿಂದ ಯಾವ ಮನೆಯವರೂ ನನ್ನ ಜೊತೆ ಮಾತಾಡಿರಲಿಲ್ಲ. ಹಿಂಭಾಗದ ಎರಡು ಕೋಣೆಗೆ ಅಂದೇ ಸಾಮಾನು ಇಳಿಸಿದೆ.

ಭಾಷೆಯೇನು, ಕನ್ನಡವೇ ತಾನೇ ಎಂದುಕೊಂಡು ಬಂದಿದ್ದೆ. ಇಲ್ಲಿ "ಇತ್ತ್" ಎಂದರೆ "ಇದೆ". "ಬಸ್ ಇತ್ತ್" ಎಂದು ಅಂಗಡಿಯವರು ಹೇಳಿದಾಗಲೆಲ್ಲ ಬಸ್ಸು ಹೋಗಿಬಿಟ್ಟಿತು ಎಂದು ತಿಳಿದು ಎರಡು ಸಲ ಆಟೊ ಹತ್ತಿದ್ದೇನೆ. ಅವರಿಗೂ ನನ್ನ ಮಾತು ಪೂರ್ತಿ ಹತ್ತುತ್ತಿರಲಿಲ್ಲ. ಘಟ್ಟದ ಮೇಲಿನವರು ಎಂದು ಒಂದೇ ಮಾತಿನಲ್ಲಿ ನಮ್ಮನ್ನೆಲ್ಲ ಕಟ್ಟಿಡುತ್ತಾರೆ. ಇಂಡಿಯಲ್ಲಿ ಘಟ್ಟವೇ ಇಲ್ಲ ಎಂದರೆ ನಗುತ್ತಾರೆ.

ನನ್ನ ಕೆಲಸ ತ್ರಾಸಿಯ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ. ನಾವು ಗೋಡಂಬಿ ಎಂದು ಮದುವೆಯ ಪಾಯಸದಲ್ಲಿ ಹುಡುಕಿ ತಿನ್ನುತ್ತೇವಲ್ಲ, ಅದೇ. ನಾನು ಸಿಬ್ಬಂದಿ ಅಧಿಕಾರಿ: ಹಾಜರಿ, ರಜೆ, ನೇಮಕ, ಜಗಳ ಎಲ್ಲ ನನ್ನ ಮೇಜಿಗೆ ಬರುತ್ತಿತ್ತು. ಹುಬ್ಬಳ್ಳಿಯ ಮೊದಲ ನೌಕರಿ ಬಿಟ್ಟು ಇದಕ್ಕೆ ಸೇರಿದ್ದೆ, ಆರು ತಿಂಗಳ ಪ್ರೊಬೇಷನ್ ಮೇಲೆ. ಊರಿನ ಹುಡುಗಿಯರು ಈಗಲೂ ಫೋನ್ ಮಾಡಿ "ಅಕ್ಕಾ, ನೌಕರಿ ಉಳಿಸ್ಕೊಳ್ಳೋದು ಹೆಂಗ?" ಎಂದು ಕೇಳುತ್ತಾರೆ. ಕೇಳಲು ತಪ್ಪು ಮನುಷ್ಯಳನ್ನು ಹಿಡಿದಿದ್ದಾರೆ. ಆದರೂ ಹೇಳುತ್ತೇನೆ, ಯಾಕೆಂದರೆ ನೌಕರಿ ಉಳಿಸಿಕೊಂಡವರು ಹೇಳುವ ಬುದ್ಧಿವಾದವನ್ನೆಲ್ಲ ನೀವು ಕೇಳಿಯಾಗಿದೆ. ಅದರಲ್ಲಿ ಒಂದೇ ಮಾತಿರುತ್ತದೆ: ಹೊಂದಿಕೊಂಡು ಹೋಗು.

ಸೇರಿದ ಹೊಸದರಲ್ಲಿ ಹಾಜರಿ ಪುಸ್ತಕ ನೋಡಿ ನನಗೆ ಮೈಯೆಲ್ಲ ಉರಿಯಿತು. ಮೇಸ್ತ್ರಿಗೆ ಬೇಕಾದವರು ತಡವಾಗಿ ಬಂದರೂ ಪೂರ್ತಿ ದಿನ, ಬೇಡದವರಿಗೆ ಐದು ನಿಮಿಷಕ್ಕೂ ಅರ್ಧ ದಿನ. ಬೆರಳೊತ್ತುವ ಯಂತ್ರ ತರಿಸಿ ಎಂದು ಧಣಿಗಳ ಬೆನ್ನು ಬಿದ್ದೆ. ಇಲ್ಲಿ ಮಾಲೀಕರನ್ನು ಧಣಿಗಳೆಂದೇ ಕರೆಯುವುದು. ಮೂರು ತಿಂಗಳು ಬೆನ್ನು ಬಿಡದೆ ಕಾಡಿದ ಮೇಲೆ ಯಂತ್ರ ಬಂತು, ಬಾಗಿಲ ಪಕ್ಕ ಗೋಡೆಗೆ ಏರಿತು. ಅಂದು ನಾನು ಅಣ್ಣನಿಗೆ ಫೋಟೊ ಕಳಿಸಿದ್ದೆ. ಈ ಊರಿನಲ್ಲಿ ನಾನು ಗೆದ್ದ ಮೊದಲ ಸಣ್ಣ ಗೆಲುವು ಅದು.

ಎರಡು ತಿಂಗಳು ಲೆಕ್ಕ ಅಚ್ಚುಕಟ್ಟಾಗಿ ನಡೆಯಿತು. ಒಂದು ಬುಧವಾರ ಮಾತ್ರ ಕಂಪ್ಯೂಟರು ಆರು ಜನ ಗೈರು ಎಂದು ತೋರಿಸಿತು. ಬೀಜದ ಒಳಸಿಪ್ಪೆ ತೆಗೆಯುವ ಪೀಲಿಂಗ್ ವಿಭಾಗದ ಪ್ರೇಮಾ, ಮತ್ತೆ ಕಟಿಂಗ್ ವಿಭಾಗದ ಐವರು ಹಿರಿಯ ಹೆಂಗಸರು. ನೋಡಿ ಬರೋಣ ಎಂದು ಕಟಿಂಗಿಗೆ ಹೋದರೆ ಐವರೂ ತಮ್ಮ ತಮ್ಮ ಜಾಗದಲ್ಲಿ ಕೂತು ಬೀಜ ಒಡೆಯುತ್ತಿದ್ದಾರೆ. ಮುಂದೆ ಅರ್ಧ ತುಂಬಿದ ಬುಟ್ಟಿಗಳು. ಅವರಲ್ಲಿ ಎಲ್ಲರಿಗಿಂತ ಹಳಬರು ಜಲಜಕ್ಕ.

"ಜಲಜಕ್ಕ, ಬೆಳಿಗ್ಗೆ ಬೆರಳು ಒತ್ತಲಿಲ್ವಾ?"

"ಇವತ್ ಪ್ರೇಮಾ ಬರ್ಲಿಲ್ಲ ಮೇಡಂ," ಎಂದರು, ಅದೇ ಉತ್ತರ ಎನ್ನುವಂತೆ. "ಅದ್ರ ಮಗೀಗೆ ಜ್ವರ ಅಂಬ್ರ್."

ಮರುದಿನ ಪ್ರೇಮಾ ಬಂದು ಎಲ್ಲ ಬಿಡಿಸಿ ಹೇಳಿದಳು. ಗೇರುಬೀಜದ ಹೊರಸಿಪ್ಪೆಯಲ್ಲಿ ಕಪ್ಪು ಎಣ್ಣೆಯಿದೆ. ಅದು ಚರ್ಮವನ್ನು ಸುಡುತ್ತದೆ. ವರ್ಷಗಟ್ಟಲೆ ಕಟಿಂಗಿನಲ್ಲಿ ಕೂತವರ ಬೆರಳ ತುದಿಯ ಗೆರೆಗಳು ಸವೆದು ನುಣ್ಣಗಾಗಿರುತ್ತವೆ. ಯಂತ್ರ ಕೂರಿಸಲು ಬಂದವನು ಹೆಸರು ಸೇರಿಸಿಕೊಳ್ಳುವ ದಿನ, ಉಳಿದವರದು ಒರೆಸಿ ಒರೆಸಿ ಒತ್ತಿದ ಮೇಲಾದರೂ ಹಿಡಿಯಿತು. ಈ ಐವರದು ಹಿಡಿಯಲೇ ಇಲ್ಲ. ಅವನಿಗೆ ಊರಿಗೆ ಹೊರಡುವ ಅವಸರ, ನಾನು ಒಳಗೆ ಕಚೇರಿಯಲ್ಲಿದ್ದೆ. ಆಗ ಪ್ರೇಮಾ ಮುಂದೆ ಬಂದು ತನ್ನ ಎಡಗೈ ಚಾಚಿದಳು. ಹೆಬ್ಬೆರಳು ಜಲಜಕ್ಕನ ಹೆಸರಿಗೆ, ತೋರುಬೆರಳು ಇನ್ನೊಬ್ಬರಿಗೆ, ಹೀಗೆ ಐದೂ ಬೆರಳು ಐವರಿಗೆ ಹಂಚಿಹೋದವು. ಬಲಗೈ ಮಾತ್ರ ಅವಳದು. ಅಂದಿನಿಂದ ದಿನಾ ಬೆಳಿಗ್ಗೆ ಸಂಜೆ ಆ ಐವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆರು ಸಲ ಒತ್ತುತ್ತಿದ್ದಳು. ಅವರಲ್ಲಿ ಯಾರಾದರೂ ಬಾರದ ದಿನ ಆ ಬೆರಳನ್ನು ಒತ್ತುತ್ತಿರಲಿಲ್ಲ.

"ನಂಗೆ ಯಾಕೆ ಹೇಳಲಿಲ್ಲ?" ಎಂದೆ.

"ನೀವ್ ಅಷ್ಟ್ ಖುಷಿಯಗೆ ಮಿಷನ್ ತರ್ಸಿದ್ರಿ. ಹಾಳ್ ಮಾಡುದ್ ಎಂತಕೆ ಅಂದೇಳಿ," ಎಂದಳು ಪ್ರೇಮಾ.

ಆ ಯಂತ್ರ ಬರುವ ಮುಂಚೆ ನಾನು ಕಟಿಂಗ್ ಕೋಣೆಗೆ ಎಷ್ಟು ಸಲ ಹೋಗಿದ್ದೆ ಎಂದು ಎಣಿಸಿ ನೋಡಿದೆ. ಬಾಗಿಲವರೆಗೆ, ಮೂರು ಸಲ. ಒಳಗೆ ಒಮ್ಮೆಯೂ ಇಲ್ಲ, ಘಾಟು ಎಂದು.

ಧಣಿಗಳ ಕಿವಿಗೆ ವಿಷಯ ಬೇರೆ ದಾರಿಯಲ್ಲಿ ಮುಟ್ಟಿತ್ತು. ಕರೆಸಿದರು. "ಮೇಡಮ್ರೇ, ಒಬ್ಳ ಬೆರ್ಳಗೆ ಆರ್ ಜನದ್ ಹಾಜ್ರಿ. ಇದ್ ಮೋಸ ಅಲ್ದಾ? ಆರೂ ಜನಕ್ಕೆ ತೆಗ್ದ್ ಹಾಕು ಲೆಟರ್ ಮಾಡಿ, ಸಂಜೆಯೊಳ್ಗೆ ಸೈನ್ ಹಾಕಿ ಕೊಡಿ."

"ಅವರು ಬಾರದ ದಿನ ಬಂದೀನಿ ಅಂತ ಒಬ್ಬರೂ ಬರೆಸಿಲ್ರಿ."

"ನಿಮ್ಮ್ ಕನ್ಫರ್ಮೇಶನ್ ಲೆಟರೂ ಈ ತಿಂಗ್ಳೇ ಬಪ್ದ್. ನೆನಪಿತ್ತಲ್ದಾ?"

ನೆನಪಿತ್ತು. ಅವರು ಅದನ್ನು ನೆನಪಿಸಿದ ರೀತಿಯೇ ನನ್ನ ಬೆನ್ನನ್ನು ನೆಟ್ಟಗೆ ಮಾಡಿತು. "ವಿಚಾರಣೆ ಮಾಡದ ತೆಗೀಲಿಕ್ಕೆ ಬರಂಗಿಲ್ರಿ. ಒಂದು ವಾರ ಕೊಡ್ರಿ. ಮತ್ತ ಈಗ ಹೇಳಿದ್ದನ್ನ ಒಂದು ಕಾಗದದಾಗ ಬರದು ಕೊಡ್ರಿ," ಎಂದೆ. ಕಾಗದ ಕೊಡಲಿಲ್ಲ. ವಾರ ಸಿಕ್ಕಿತು. ಹುಡುಗಿಯರೇ, ಇದನ್ನು ಮಾತ್ರ ಗಂಟು ಹಾಕಿಕೊಳ್ಳಿ. ಬಾಯಲ್ಲಿ ಹೇಳಿದ ಕೆಟ್ಟ ಆದೇಶಕ್ಕೆ ಕಾಗದ ಕೇಳಿದ ತಕ್ಷಣ ಹೇಳಿದವರಿಗೂ ಅದು ಕೆಟ್ಟದ್ದು ಎಂದು ಗೊತ್ತಾಗುತ್ತದೆ.

ಸಂಜೆ ಅಣ್ಣನ ಫೋನು. ಅವನು ಊರಲ್ಲಿ ಬ್ಯಾಂಕಿನ ಗುಮಾಸ್ತ. "ಸುವರ್ಣಾ, ಎರಡನೇ ನೌಕರಿ ಇದು. ಅವರ ಉಸಾಬರಿ ನಿನಗ್ಯಾಕ? ಸಹಿ ಮಾಡಿ ಸುಮ್ಕಿರು," ಎಂದ. ಗುಲಾಬಕ್ಕನಿಗೂ ಹೇಳಿದೆ. ಅವರು ಬುಟ್ಟಿ ತೊಳೆಯುತ್ತಲೇ ಕೇಳಿದರು: "ಮಾರ್ಕೆಟಗೆ ನಾನ್ ಉಂಬುಕ್ ಹೋರೆ ನನ್ನ್ ಬುಟ್ಟಿ ಪಕ್ಕದರ್ ಮಾರ್ತ್ರ್. ಅವ್ರ್ ಹೋರೆ ನಾನ್ ಮಾರ್ತೆ. ಹಂಗಾರೆ ನಾವೂ ಕಳ್ರಾ?" ಇಲ್ಲಿ ದುಡಿಯುವ ಹೆಂಗಸರು ಹೀಗೇ. ನಲ್ಲಿಯಲ್ಲಿ, ರೇಶನ್ ಸಾಲಿನಲ್ಲಿ, ಬಸ್ ಸೀಟಿನಲ್ಲಿ ಒಬ್ಬಳು ಐವರ ಪರವಾಗಿ ನಿಲ್ಲುತ್ತಾಳೆ. ಯಂತ್ರದ ಮುಂದೆಯೂ ಹಾಗೇ ನಿಂತರು. ತಪ್ಪು, ಯಂತ್ರ ತಂದವಳದು.

ಮರುದಿನದಿಂದ ವಿಚಾರಣೆಯನ್ನು ಕಟಿಂಗಿನಲ್ಲೇ ಶುರು ಮಾಡಿದೆ. ಜಲಜಕ್ಕನ ಪಕ್ಕದ ಖಾಲಿ ಜಾಗದಲ್ಲಿ ಕೂತೆ. ಕಾಲಿನಿಂದ ಪೆಡಲು ತುಳಿಯಬೇಕು, ಕೈಯಿಂದ ಹಿಡಿ ಎಳೆಯಬೇಕು, ನಡುವೆ ಬೀಜ ಎರಡು ಹೋಳಾಗಬೇಕು, ಒಳಗಿನ ತಿರುಳು ಮುರಿಯಬಾರದು. ಜಲಜಕ್ಕ ನನ್ನ ಕೈ ಹಿಡಿದು ತೆಂಗಿನೆಣ್ಣೆ ಸವರಿದರು. "ಆಗಾಗ ಹಚ್ಕಣ್ತಾ ಇರಿ. ಇಲ್ದಿರೆ ಸುಡತ್ತ್." ಅವರು ಹಚ್ಚಿಕೊಂಡಾಗಲೆಲ್ಲ ನಾನೂ ಹಚ್ಚಿಕೊಂಡೆ. ಆದರೂ ನನ್ನದು ಹೊಸ ಚರ್ಮ. ಮೂರನೇ ದಿನಕ್ಕೆ ಬೆರಳು ಕಪ್ಪಾಯಿತು, ಐದನೇ ದಿನಕ್ಕೆ ಸಿಪ್ಪೆ ಏಳತೊಡಗಿತು. ಅನ್ನ ಕಲಸಲಾಗದೆ ಚಮಚ ಹಿಡಿದೆ. ನನ್ನ ಬುಟ್ಟಿಯಲ್ಲಿ ಬಹುಪಾಲು ಚೂರುಗಳೇ ಇದ್ದವು, ಅದನ್ನು ನೋಡಿ ಇಡೀ ಕೋಣೆ ನಗುತ್ತಿತ್ತು.

ವಾರ ಮುಗಿದ ಬೆಳಿಗ್ಗೆ ಧಣಿಗಳನ್ನು ಬಾಗಿಲ ಹತ್ತಿರ ಬರಲು ಕೇಳಿಕೊಂಡೆ. ಎಲ್ಲರೂ ಸಾಲಿನಲ್ಲಿದ್ದರು. ನಾನು ಹೆಬ್ಬೆರಳು ಒತ್ತಿದೆ. ಕೆಂಪು ದೀಪ. ಒರೆಸಿ ಒತ್ತಿದೆ. ಕೆಂಪು. ಬೇರೆ ಬೆರಳು, ಮತ್ತೆ ಕೆಂಪು. ಯಂತ್ರ ಹೆಣ್ಣುದನಿಯಲ್ಲಿ "ಪ್ಲೀಸ್ ಟ್ರೈ ಅಗೇನ್" ಎನ್ನುತ್ತಲೇ ಇತ್ತು.

"ನಾನೂ ಗೈರ್ರಿ ಇವತ್ತು," ಎಂದೆ. "ನನಗೂ ಲೆಟರ್ ಮಾಡ್ಬೇಕು. ಆದ್ರ ನನ್ನ ಲೆಟರಿಗೆ ಸಹಿ ಯಾರು ಮಾಡೋದು?"

ಧಣಿಗಳು ನನ್ನ ಕೈ ನೋಡಿದರು, ಆಮೇಲೆ ಜಲಜಕ್ಕನ ಕೈ ನೋಡಿದರು. ಇಷ್ಟು ವರ್ಷ ಆ ಕೈ ಒಡೆದ ಬೀಜ ಮಾರಿದವರು ಅಂದೇ ಮೊದಲ ಸಲ ಅದನ್ನು ನೋಡಿದ್ದು. ಒಳಗೆ ಹೋದರು. ನಾನು ವಿಚಾರಣೆಯ ವರದಿಯಲ್ಲಿ ತಪ್ಪು ನನ್ನದು, ಕೆಲಸದ ಜಾಗ ನೋಡದೆ ಯಂತ್ರ ತಂದೆ ಎಂದು ನನ್ನದೇ ಹೆಸರಿನಲ್ಲಿ ಬರೆದುಕೊಟ್ಟೆ. ತಪ್ಪನ್ನು ಬರೆದುಕೊಟ್ಟರೆ ಕುತ್ತಿಗೆಗೆ ಬರುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಬಂತು, ನಿಜ. ಆದರೆ ಆರು ಜನರ ಕುತ್ತಿಗೆಯಿಂದ ಇಳಿದು ಬಂತು. ಮತ್ತೆ ಕಾರ್ಖಾನೆ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಯಮ ಮಾಡುವ ಮೊದಲು ಅದು ಯಾರ ಮೇಲೆ ಬೀಳುತ್ತದೋ ಅವರ ಪಕ್ಕ ಒಂದು ವಾರ ಕೂತುಕೊಳ್ಳಿ. ನನ್ನ ಹಾಗೆ ಆಮೇಲೆ ಕೂರಬೇಡಿ.

ಕಟಿಂಗಿನವರಿಗೆ ಮತ್ತೆ ಹಾಜರಿ ಪುಸ್ತಕ ಬಂತು, ಈ ಸಲ ಮೇಸ್ತ್ರಿಯ ಜೊತೆ ಅವರಲ್ಲೇ ಒಬ್ಬರ ಸಹಿ ಬೇಕೆಂಬ ಷರತ್ತಿನೊಂದಿಗೆ. ಆರೂ ಜನ ಉಳಿದರು. ತಿಂಗಳ ಕೊನೆಗೆ ನನ್ನ ಕೈಗೆ ಎರಡು ಸಾಲಿನ ಪತ್ರ ಬಂತು: ಸೇವೆ ಮುಂದುವರಿಸುವುದಿಲ್ಲ. ಕಾರಣ ಕೇಳಿದೆ, ಕೊಡಲಿಲ್ಲ. ಅನುಭವ ಪತ್ರವನ್ನು ಮಾತ್ರ ಬಿಡದೆ ಬರೆಸಿಕೊಂಡು ಹೊರಟೆ.

ಅಣ್ಣ ಬಸ್ ಟಿಕೆಟ್ ಮಾಡಿಸುತ್ತೇನೆಂದ. ನಾನೂ ಚೀಲ ಕಟ್ಟತೊಡಗಿದ್ದೆ. ಭಾನುವಾರ ಜಲಜಕ್ಕ ಮನೆಗೆ ಬಂದರು, ಒಂದು ಪೊಟ್ಟಣ ಗೇರುಬೀಜದೊಂದಿಗೆ. ಧನ್ಯವಾದ ಹೇಳಲು ಬಂದಿದ್ದಾರೆ ಎಂದು ನಾನು ಸಂಕೋಚದಿಂದ ಕೂತಿದ್ದೆ. ಅವರು ನೀರು ಕುಡಿದು, ಕಟ್ಟಿದ ಚೀಲ ನೋಡಿ, ನಿಧಾನಕ್ಕೆ ಹೇಳಿದರು:

"ನಿಮ್ಗೆ ಹೋಪುಕ್ ಒಂದ್ ಊರ್ ಇತ್ತ್ ಮೇಡಂ. ಅದ್ಕೇ ಧೈರ್ಯ ಬಂತ್. ನಮ್ಗೆ ಹೋಪುಕ್ ಬೇರೆ ಇಲ್ಲ."

ಅದರಲ್ಲಿ ಕೊಂಕು ಇರಲಿಲ್ಲ. ಕಟಿಂಗಿನಲ್ಲಿ ಹೇಗೆ ಕೂರಬೇಕೆಂದು ಹೇಳಿಕೊಟ್ಟ ದನಿಯಲ್ಲೇ ಹೇಳಿದರು. ಗುಲಾಬಕ್ಕ ಒಲೆಯ ಹತ್ತಿರದಿಂದಲೇ ಹೌದೆಂದು ತಲೆಯಾಡಿಸಿದರು. ನನಗೆ ಸಿಟ್ಟು ಬಂತು, ಅವರ ಮೇಲಲ್ಲ, ಚೀಲ ಕಟ್ಟಿದ ನನ್ನ ಮೇಲೆ. ಅವರು ಹೋದ ಮೇಲೆ ಚೀಲ ಬಿಚ್ಚಿದೆ.

ಈಗ ಬ್ರಹ್ಮಾವರದ ಆಚೆ ಕೊಕ್ಕರ್ಣೆಯ ಒಂದು ಸಣ್ಣ ಗೇರುಬೀಜದ ಘಟಕದಲ್ಲಿ ಕೆಲಸಕ್ಕಿದ್ದೇನೆ. ಮರವಂತೆಯಿಂದ ಮೂರು ಬಸ್ಸು. ಬೈಂದೂರಿನಲ್ಲೂ ಒಂದು ಕಡೆ ಕರೆದಿದ್ದರು, ಹತ್ತಿರವೇ ಇತ್ತು. ಆದರೆ ಪ್ರತಿ ವಿಭಾಗದಲ್ಲಿ ಒಂದು ವಾರ ಕೂತ ಮೇಲೆಯೇ ನಿಯಮ ಬರೆಯುತ್ತೇನೆ ಎಂಬ ನನ್ನ ಷರತ್ತಿಗೆ ಅವರು ನಕ್ಕರು. ಕೊಕ್ಕರ್ಣೆಯವರು ನಗಲಿಲ್ಲ. "ತ್ರಾಸಿ ಫ್ಯಾಕ್ಟ್ರಿಯಗೆ ಬೀಜ ಒಡುಕೆ ಕೂತರ್ ನೀವೇ ಅಲ್ದಾ?" ಎಂದು ಕೇಳಿ, ಅನುಭವ ಪತ್ರವನ್ನು ತೆರೆಯದೆಯೇ ವಾಪಸು ಕೊಟ್ಟರು. ಈ ಕರಾವಳಿಯಲ್ಲಿ ಹೆಂಗಸರ ಬಾಯಿಂದ ಬಾಯಿಗೆ ಹೋಗುವ ಸುದ್ದಿ ನನ್ನ ಮೂರೂ ಬಸ್ಸಿಗಿಂತ ಮುಂಚೆ ಅಲ್ಲಿ ಮುಟ್ಟಿತ್ತು.

ಗಂಜಿ ಈಗ ಸಲೀಸಾಗಿ ಇಳಿಯುತ್ತದೆ. ಊರಿಗೆ ಹೋದಾಗ ಬಾಯಿ ತಪ್ಪಿ "ಎಂತ" ಎಂದರೆ ಅವ್ವ ನನ್ನ ಮುಖವನ್ನೇ ನೋಡುತ್ತಾಳೆ. ಇಲ್ಲಿ ನಾನು ಇನ್ನೂ ಘಟ್ಟದ ಮೇಲಿನವಳೇ. ಊರಿನವರ ಲೆಕ್ಕದಲ್ಲಿ ಎರಡು ನೌಕರಿ ಕಳೆದುಕೊಂಡವಳು. ಎರಡೂ ಕಡೆ ನನಗೆ ನಾಚಿಕೆಯೇನಿಲ್ಲ. ಜಲಜಕ್ಕನ ಮಾತನ್ನು ಸುಳ್ಳು ಮಾಡಬೇಕೆಂದೇ ಇಲ್ಲಿ ಉಳಿದಿದ್ದೇನೆ.

ಕಳೆದ ವಾರ ಅಣ್ಣ ಕೇಳಿದ, ಊರಿನ ಮನೆಯಲ್ಲಿ ನನ್ನ ಕೋಣೆ ಖಾಲಿ ಬಿದ್ದಿದೆ, ಬ್ಯಾಂಕಿಗೆ ಹೊಸದಾಗಿ ಬಂದವರೊಬ್ಬರಿಗೆ ಬಾಡಿಗೆಗೆ ಕೊಡಲೇ ಎಂದು. ಧಣಿಗಳ ಮುಂದೆ ನೆಟ್ಟಗೆ ನಿಂತು ಮಾತಾಡಿದವಳು ನಾನು. ಆದರೂ "ಸ್ವಲ್ಪ ದಿನ ಖಾಲಿ ಇರಲಿ ಅಣ್ಣಾ," ಎಂದೆ.