ಮೇಣದ ಬೆರಳು, ಕೇಳದ ಗಾಜು

ನನ್ನ ಮೊದಲ ಟಚ್ ಫೋನಿನ ಮುಖ ಪ್ಲಾಸ್ಟಿಕ್ಕಿನದು. ಉಗುರಲ್ಲಿ ಒತ್ತಿದರೂ ಕೇಳುತ್ತಿತ್ತು, ಹೇರ್‌ಪಿನ್ನಲ್ಲಿ ಚುಚ್ಚಿದರೂ ಕೇಳುತ್ತಿತ್ತು. ಆಮೇಲೆ ಗಾಜು ಬಂತು. ಫೋನು ಬದಲಾದಂತೆಲ್ಲ ಗಾಜು ಗಟ್ಟಿಯಾಗುತ್ತ ಹೋಯಿತು. ನಾನು ಪಾಠ ಮಾಡುವ ಶಾಲೆಯಲ್ಲಿ ಕೊಟ್ಟ ಟ್ಯಾಬು ಮೇಜಿನಿಂದ ಬಿದ್ದರೂ ಒಂದು ಗೀರು ಬೀಳಲಿಲ್ಲ. ಆದರೆ ಗಟ್ಟಿಯಾದಷ್ಟೂ ಗತ್ತು ಜಾಸ್ತಿ. ಉಗುರು ಬೇಡ, ಪಿನ್ನು ಬೇಡ, ಬರಿ ಚರ್ಮವೇ ತಾಗಬೇಕು. ಆ ಗತ್ತಿನಿಂದ ನನ್ನ ಗಂಡನ ಜೀವ ಹೋಗುವುದರಲ್ಲಿತ್ತು. ಇವತ್ತಿಗೂ ಆ ಗಾಜು ಕಂಡರೆ ನನಗೆ ಸಿಟ್ಟು.

ಬೇಸಿಗೆ ರಜೆ. ನಿಟ್ಟೂರಿನ ಹತ್ತಿರದ ನಮ್ಮ ಮನೆಯಲ್ಲಿ ನಾನೊಬ್ಬಳೇ ಕೂತು ಹಪ್ಪಳಕ್ಕೆಂದು ಹಲಸಿನಕಾಯಿ ಕೊಯ್ದು ಸೊಳೆ ಬಿಡಿಸುತ್ತಿದ್ದೆ. ಗುಡ್ಡದ ಒರತೆಯಿಂದ ಮನೆಗೆ ನೀರು ತರುವ ಪೈಪು ಕಟ್ಟಿಕೊಂಡಿತ್ತು, ಇವರು ಅದನ್ನು ಬಿಡಿಸಲು ಹೋಗಿದ್ದರು. ಅಲ್ಲಿ ಸಿಗ್ನಲ್ ಸಿಗುವುದು ಮೇಲಿನ ಬಂಡೆಯ ಮೇಲೆ ಮಾತ್ರ. ನೀರು ಬಂತೇ ಎಂದು ಕೇಳಲು ಅದನ್ನು ಹತ್ತಿ ಒಮ್ಮೆ ಫೋನು ಮಾಡುತ್ತಾರೆ, ಅಷ್ಟೇ.

ಫೋನು ಬಡಿದುಕೊಂಡಿತು. ಕೈಗೆ ಎಣ್ಣೆ ಹಚ್ಚಿಕೊಳ್ಳದೆ ಕೊಯ್ಯಲು ಕೂತಿದ್ದೆ. ಹತ್ತೂ ಬೆರಳಿಗೆ ಹಲಸಿನ ಮೇಣ ದಪ್ಪಗೆ ಅಂಟಿತ್ತು. ಹಸಿರಿನ ಮೇಲೆ ಬೆರಳು ಎಳೆದೆ, ಗಾಜು ಜಪ್ಪಯ್ಯ ಅನ್ನಲಿಲ್ಲ. ಇನ್ನೊಮ್ಮೆ ಎಳೆಯುವಾಗ ಅಂಗೈಯ ಅಂಚು ಕೆಂಪಿಗೆ ತಾಗಿ ಕಟ್ಟಾಯಿತು. ನೀರಿನ ವಿಷಯ ತಾನೇ ಎಂದುಕೊಂಡೆ.

ಮತ್ತೆ ಬಂತು. ಇವರು ಎರಡನೇ ಸಲ ಮಾಡುವವರೇ ಅಲ್ಲ. ಕೈಯನ್ನು ಸೆರಗಿಗೆ ಒರೆಸಿದೆ, ಸೆರಗೂ ಅಂಟಿತು. ಗಾಜಿನ ತುಂಬ ಮೇಣ ಬಳಿದುಕೊಂಡು, ಎಲ್ಲಿ ತಾಗಿತೋ, ಈ ಸಲವೂ ಕಟ್ಟಾಯಿತು. ನಾನೇ ಮಾಡೋಣವೆಂದರೆ ಅದಕ್ಕೂ ಅದೇ ಗಾಜು. ಕೊಬ್ಬರಿ ಎಣ್ಣೆ ಸುರಿದುಕೊಂಡು ತಿಕ್ಕಿದೆ. ಮೇಣ ನಮ್ಮ ಅವಸರಕ್ಕೆ ಬಿಡುತ್ತದೆಯೇ? ಕತ್ತಿಯಲ್ಲಿ ಬೆರಳಿನ ಚರ್ಮವನ್ನೇ ಕೆರೆದುಬಿಡೋಣ ಅನಿಸಿತು.

ಮೂರನೇ ಸಲ ಬಡಿದುಕೊಂಡಾಗ ಫೋನಿನ ಮೇಲೆ ಬಗ್ಗಿ ಮೂಗಿನ ತುದಿಯಿಂದ ಎಳೆದೆ. ಹಿಡಿಯಿತು.

“ಹೇಳ್ರೀ!”

“ಹಾವು ಕಚ್ತು ಮಾರಾಯ್ತಿ. ಕೊಳಕು ಮಂಡಲದ ಹಾವು. ನೋಡು, ನಾನು...”

“ಬಂಡೆ ಮೇಲೇ ಕೂತ್ಕಳಿ, ಅಲ್ಲಾಡ್ಬೇಡಿ. ಜೀಪು ತರ್ತೀನಿ!” ಎಂದವಳೇ ಫೋನನ್ನು ಅಲ್ಲೇ ಬಿಟ್ಟು ಪಕ್ಕದ ಮನೆಗೆ ಓಡಿದೆ.

ಕಚ್ಚಿದ ಕಾಲಲ್ಲೇ ಅವರು ಆ ಬಂಡೆ ಹತ್ತಿದ್ದರು. ಪಕ್ಕದ ಮನೆಯವರ ಜೀಪಿನಲ್ಲಿ ಹೊಸನಗರಕ್ಕೆ ತಂದೆವು. ಅಲ್ಲಿ ಇಂಜೆಕ್ಷನ್ ಕೊಟ್ಟು ಆಂಬುಲೆನ್ಸಿನಲ್ಲಿ ಸಾಗರಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಕಾಲು ಊದುತ್ತಲೇ ಇತ್ತು. ನನಗೆ ಭಯ ಅಂದರೆ ಭಯ. ಕಣ್ಣು ಮುಚ್ಚಿದರೆ ಸುಮ್ಮನೆ ಬಿಡುವುದಿಲ್ಲ ಎಂದು ಅವರನ್ನು ಬೈಯುತ್ತ ಕೂತಿದ್ದೆ.

ಬಾವು ಇಳಿಯತೊಡಗಿದ ದಿನ ಆಸ್ಪತ್ರೆಯ ಮಂಚದ ಮೇಲೆ ಗಂಜಿ ಕುಡಿಯುತ್ತ ಮೆಲ್ಲಗೆ ಕೇಳಿದರು.

“ಎರಡು ಸಲ ಕಟ್ ಮಾಡಿದ್ಯಲ್ಲೇ?”

“ಮೇಣ ಕಣ್ರೀ. ಕೈ ತುಂಬ ಮೇಣ.”

“ಅವತ್ತು ಬೆಳಿಗ್ಗೆ ನಾನು ಜಗಳ ಆಡಿದ್ದಕ್ಕೆ ಅಂದ್ಕಂಡೆ.”

“ಹಂಗಂದ್ಕಂಡೂ ಮತ್ಯಾಕೆ ನನಗೇ ಮಾಡಿದ್ರಿ? ಜೀಪಿನವರಿಗೆ ಮಾಡ್ಬಾರ್ದಿತ್ತಾ?”

“ಸಿಟ್ಟು ಬಿಡು ಅಂತ ಹೇಳಣ ಅಂತ. ನೀನು ಹೇಳಕ್ಕೆ ಬಿಟ್ರೆ ತಾನೆ!”

ಅಳು ತಡೆಯಲಾಗಲಿಲ್ಲ. ಅವತ್ತು ಬೆಳಿಗ್ಗೆ ನಾವು ಜಗಳ ಆಡಿದ್ದೆವೇ? ಎಷ್ಟು ತಿಣುಕಿದರೂ ನನಗೆ ನೆನಪಾಗಲಿಲ್ಲ.